ಸಂಪಾದಕರಿಗೆ ಬರೆದ ಕಾಗದ: ಬೇಡಿಕೆಯ ಮಿತಿಯನ್ನು ಕುರಿತು

೧

ಗದ್ಯಸಾಹಿತ್ಯದ ಪ್ರಭೇದಗಳನ್ನು ಎಣಿಸುವಾಗ ವಿಮರ್ಶಕರು ಕಾದಂಬರಿ, ಸಣ್ಣಕಥೆ, ಪ್ರಬಂಧ, ಜೀವನಚರಿತ್ರೆ ಮೊದಲಾದುವನ್ನು ಹೇಳಿ, ಕೊನೆಗೆ ಪತ್ರಸಾಹಿತ್ಯಕ್ಕೂ ಒಂದು ಸ್ಥಾನವನ್ನು ಕೊಡುವುದುಂಟು. ಆದರೆ ಅಲ್ಲಿ ಪತ್ರವೆಂದರೆ ಕವಿಯು ಗೆಳೆಯನಿಗೆ, ತಂದೆಯು ಮಗಳಿಗೆ ಬರೆದ ಖಾಸಗಿ ಕಾಗದವೆಂದೇ ಅರ್ಥ. ವೃತ್ತಪತ್ರಿಕೆಯ ಸಂಪಾದಕರನ್ನು ಸಂಬೋಧಿಸಿ, ಲೋಕದ ಒಂದು ಕೆಡುಕನ್ನು ತೊಡೆಯಬೇಕೆಂಬ ಉದ್ದೇಶದಿಂದ ಬರೆದ ಕಾಗದವು ಈ ಗಣನೆಯಲ್ಲಿ ಸೇರುವುದು ಅಪೂರ್ವ. ಮರುದಿನವೇ ಹಳತಾಗುವ ಹಾಳೆಯಲ್ಲಿ ಅಚ್ಚಾದದ್ದಕ್ಕೆ ಸಾಹಿತ್ಯಗೌರವವೇಕೆಂಬ ಉಪೇಕ್ಷೆಯೇ ಇದಕ್ಕೆ ಕಾರಣವಾಗಿರಬಹುದು. ಈ ಉಪೇಕ್ಷೆ ಸಾಧುವಲ್ಲ. ಭಾಷೆಯಿಂದ ಒಂದು ಕಾರ್ಯವನ್ನು ಸಾಧಿಸಬೇಕೆಂದು ಹೊರಟ ಬರವಣಿಗೆಯಲ್ಲಿ ಮಾತಿನ ಬಲಾಬಲಗಳು ಎಷ್ಟು ಸ್ಪಷ್ಟವಾಗಿ ಪರೀಕ್ಷೆಗೆ ಒಳಗಾಗುತ್ತವೆಯೋ ಅಷ್ಟು ಸ್ಪಷ್ಟವಾಗಿ ಬೇರೆ ಯಾವ ಬರವಣಿಗೆಯಲ್ಲಿಯೂ ಆಗುವುದಿಲ್ಲ.

ಈ ಬಗೆಯ ಕಾಗದದ ಲಕ್ಷಣವೇನು? ಹಿಂದಿನ ಕಾಲದಲ್ಲಿ ಪ್ರಜೆಯು ಅರಸನಿಗೆ ಬಿನ್ನವತ್ತಳೆಯನ್ನು ಒಪ್ಪಿಸುತ್ತಿದ್ದನು. ಅದನ್ನು ಕೇಳತಕ್ಕವನು ಒಬ್ಬನೇ. ಅವನು ಒಲಿದರೆ ಕಾರ್ಯ ಕೈಗೂಡಿತು, ಮುನಿದರೆ ಕೆಟ್ಟಿತು. ಸಂಪಾದಕರಿಗೆ ಬರೆದ ಕಾಗದದ ರೀತಿ ಬೇರೆ. ಅಲ್ಲಿ ಸಂಬೋಧನೆ ಸಂಪಾದಕರಿಗೆ, ಕೇಳತಕ್ಕವರು ವಾಚಕರು, ಕಾರ್ಯವನ್ನು ಮಾಡತಕ್ಕವರು ಮಂತ್ರಿಯೋ ಅಧಿಕಾರಿಯೋ ನ್ಯಾಯಾಧೀಶರೋ ಆದ ಮೂರನೆಯವರು. ಮಗಳಿಗೆ ಹೇಳಿ ಸೊಸೆಗೆ ಮುಟ್ಟಿಸುವುದೆಂದು ಮನೆಮಾತಿನಲ್ಲಿ ಹೇಳುವ ಕ್ರಮವೇ ಇದು. ಆಲಂಕಾರಿಕರ ಅನ್ಯಾಪದೇಶಕ್ಕೂ ಇದಕ್ಕೂ ನಂಟುಂಟು. ಇದಲ್ಲದೆ ಮತ್ತೆ ಎರಡು ಕಟ್ಟುಗಳೂ ಇವೆ. ಒಂದು, ಸ್ಥಳವು ಪರರದು, ಆದಕಾರಣ ಸ್ವಲ್ಪವಾದದ್ದು. ಎರಡು, ಇಂದು ಬರೆದ ಮಾತಿಗೆ ನಾಳೆಯೇ ಅದೇ ಪುಟದಲ್ಲಿ ಎದುರುಮಾತು ಬರಬಹುದು. ಇಷ್ಟು ಇಕ್ಕಟ್ಟಿನಲ್ಲಿ ಬರೆಯತಕ್ಕವನು ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು, ಕೊನೆಗೆ ಏನನ್ನು ಬೇಡಬೇಕು ಎಂಬುದೇ ಈ ಪ್ರಕಾರದ ಮುಖ್ಯ ಪ್ರಶ್ನೆ.

ಇವುಗಳಲ್ಲಿ ಮೂರನೆಯದು, ಎಂದರೆ ಬೇಡಿಕೆಯ ಪ್ರಶ್ನೆ, ಶೈಲಿಗೆ ಹೊರಗಿನದೆಂದು ತೋರಬಹುದು. ಅದು ಹಾಗಲ್ಲ. ಬೇಡಿಕೆಯು ಯಾವುದೆಂಬುದರ ಮೇಲೆ ಕಾಗದದ ಆರಂಭ, ವರ್ಣನೆ, ಧ್ವನಿ ಎಲ್ಲವೂ ನಿಂತಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಇಬ್ಬರು ಲೇಖಕರ ಕಾಗದಗಳನ್ನು ಒತ್ತಟ್ಟಿಗೆ ಇಟ್ಟು ನೋಡಿದರೆ ಇದು ವಿಶದವಾಗುತ್ತದೆ. ಒಬ್ಬನು ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್; ಮತ್ತೊಬ್ಬರು ಮುಂಬಯಿಯ ರುಖಮಾಬಾಯಿಯವರು.

೨

ಮೊದಲು ಪೂರ್ವಪಕ್ಷವನ್ನು ನೋಡಬೇಕು. ಕಾಗದದ ಬಲವೆಲ್ಲವೂ ಮಾತಿನ ಹರಿತದಲ್ಲಿದೆಯೆಂಬುದು ಬಹುಜನರ ಅಭಿಪ್ರಾಯ. ಇದಕ್ಕೆ ಅವರು ಕೊಡುವ ಉದಾಹರಣೆ ಜೂನಿಯಸ್ ಎಂಬ ಗುಪ್ತನಾಮದ ಲೇಖಕನದು. ೧೭೬೯ರ ಜನವರಿಯಿಂದ ೧೭೭೨ರ ಜನವರಿಯವರೆಗೆ ಲಂಡನ್ನಿನ ‘ಪಬ್ಲಿಕ್ ಅಡ್ವರ್ಟೈಸರ್’ ಪತ್ರಿಕೆಯಲ್ಲಿ ಈತನ ಕಾಗದಗಳು ಪ್ರಕಟವಾದುವು. ಮುಖ್ಯಮಂತ್ರಿಯಾಗಿದ್ದ ಗ್ರಾಫ್ಟನ್ ಡ್ಯೂಕನನ್ನು ಈತನು ಬಿಡದೆ ಚುಚ್ಚಿದನು. ೧೭೬೯ರ ಡಿಸೆಂಬರ್ ೧೯ರಲ್ಲಿ ದೊರೆಯನ್ನೇ ಸಂಬೋಧಿಸಿ ಬರೆದನು. ಅದನ್ನು ಅಚ್ಚುಹಾಕಿದ ವುಡ್‌ಫಾಲನ ಮೇಲೆ ಸರ್ಕಾರವು ಮೊಕದ್ದಮೆಯನ್ನು ಹೂಡಿದಾಗ, ಜ್ಯೂರಿಯವರು ಆತನು ಅಚ್ಚುಹಾಕಿ ಪ್ರಕಟಿಸಿದನೆಂಬಷ್ಟನ್ನು ಮಾತ್ರ ಒಪ್ಪಿದರು. ಪತ್ರಿಕಾಸ್ವಾತಂತ್ರ್ಯದ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಜೂನಿಯಸನು ಯಾರೆಂಬ ಚರ್ಚೆಯಲ್ಲಿ ಬಹುಮಂದಿ ವಿದ್ವಾಂಸರು ಒಪ್ಪುವ ಹೆಸರು ಫಿಲಿಪ್ ಫ್ರಾನ್ಸಿಸನದು. ೧೭೭೪ರಲ್ಲಿ ಕಲ್ಕತ್ತೆಯ ಆಡಳಿತಮಂಡಲಿಯ ಸದಸ್ಯನಾಗಿ ಬಂದು, ೧೭೮೦ರಲ್ಲಿ ವಾರನ್ ಹೇಸ್ಟಿಂಗ್ಸನೊಡನೆ ದ್ವಂದ್ವಯುದ್ಧ ಮಾಡಿದವನು ಇವನೇ.

ಜೂನಿಯಸನ ವಾಕ್ಯಗಳ ಸಮತೂಕ, ವ್ಯಂಗ್ಯದ ಮೊನಚು, ಪದಗಳ ಆಯ್ಕೆ ಇವು ಪ್ರಶಂಸನೀಯವೇ. ಗ್ರಾಫ್ಟನನು ೧೭೭೦ರ ಜನವರಿಯಲ್ಲಿ ಅಧಿಕಾರವನ್ನು ಬಿಟ್ಟನೆಂಬುದೂ ನಿಜ. ಆದರೆ ಆ ಕಾಗದಗಳನ್ನು ಮುಗಿಸಿದ ವಾಚಕನ ಮನಸ್ಸಿನಲ್ಲಿ ಉಳಿಯುವುದೇನು? ಒಬ್ಬ ಮನುಷ್ಯನು ಎಷ್ಟು ನೀಚನೆಂಬ ಚಿತ್ರವೊಂದು. ಅದನ್ನು ಬರೆದವನ ಜಾಣ್ಮೆಯೊಂದು. ಯಾವ ಶಾಸನವು ಬದಲಾಗಬೇಕು, ನಾಳೆ ಬೆಳಗಾದರೆ ಯಾರು ಏನನ್ನು ಮಾಡಬೇಕು ಎಂಬುದು ಮಸುಕಾಗಿಯೇ ಇರುತ್ತದೆ. ಇಂದು ಜೂನಿಯಸನನ್ನು ಓದುವವರು ಶೈಲಿಗಾಗಿ ಓದುತ್ತಾರೆ, ಉದ್ದೇಶಕ್ಕಾಗಿ ಓದುವವರಿಲ್ಲ. ವೈದ್ಯನ ಕತ್ತಿಯನ್ನು ಅದರ ಹೊಳಪಿಗಾಗಿ ಕಾಪಾಡಿಕೊಂಡು ಬಂದಂತೆ ಇದು. ಮಾತಿನ ಹರಿತವು ಕಾಗದಕ್ಕೆ ಬೇಕಾದ ಗುಣಗಳಲ್ಲಿ ಒಂದು; ಅದೊಂದೇ ಸಾಲದು ಎಂದು ಇಷ್ಟರಿಂದ ಸಿದ್ಧವಾಗುತ್ತದೆ.

೩

ಮರಣದಂಡನೆಯನ್ನು ಕುರಿತು ಡಿಕನ್ಸನು ಪತ್ರಿಕೆಗಳಿಗೆ ಎರಡು ಸಲ ಬರೆದನು. ಮೊದಲನೆಯದು ೧೮೪೬ರ ಫೆಬ್ರವರಿ-ಮಾರ್ಚಿಗಳಲ್ಲಿ, ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ. ಅದೇ ವರ್ಷದ ಜನವರಿಯಲ್ಲಿ ಆರಂಭವಾದ ಆ ಪತ್ರಿಕೆಗೆ ಆತನೇ ಮೊದಲ ಸಂಪಾದಕ. ಮೂರು ವಾರ ತುಂಬುವುದರೊಳಗಾಗಿ ಆ ಹೊಣೆಯನ್ನು ಬಿಟ್ಟುಕೊಟ್ಟು, ಅನಂತರ ಅದಕ್ಕೆ ಕಾಗದಗಳನ್ನು ಬರೆದನು. ಎರಡನೆಯದು ೧೮೪೯ರ ನವೆಂಬರಿನಲ್ಲಿ, ‘ಟೈಮ್ಸ್’ ಪತ್ರಿಕೆಯಲ್ಲಿ. ವಿಷಯವೊಂದೇ, ಲೇಖಕನೊಬ್ಬನೇ, ಬೇಡಿಕೆ ಮಾತ್ರ ಬೇರೆ. ಆದ್ದರಿಂದ ಈ ಎರಡು ಗುಂಪುಗಳು ವಿಮರ್ಶಕನಿಗೆ ತಾವಾಗಿ ಒದಗಿದ ತಕ್ಕಡಿಯಂತಿವೆ.

೧೮೪೬ರ ಕಾಗದಗಳಲ್ಲಿ ಡಿಕನ್ಸನು ಕೇಳುವುದು ಮರಣದಂಡನೆಯ ಸಂಪೂರ್ಣ ನಿವಾರಣೆಯನ್ನು. ವಾದಸರಣಿಯು ವಿಸ್ತಾರವಾದದ್ದು. ಗಲ್ಲಿನ ಸುತ್ತ ಹಬ್ಬುವ ಕುತೂಹಲವು ದುರ್ಬಲಮನಸ್ಸಿನವರನ್ನು ಆಕರ್ಷಿಸುತ್ತದೆಂಬುದು. ಕೆಲವರಿಗೆ ಕೊಲೆಯೂ ಒಂದು ಬಗೆಯ ಕೀರ್ತಿಯಾಗಿ ಕಾಣುತ್ತದೆಂಬುದು. ನ್ಯಾಯಸ್ಥಾನವು ತಪ್ಪಿದಾಗ ಹೋದ ಜೀವವನ್ನು ತರಲಾಗದೆಂಬುದು. ಧರ್ಮಗ್ರಂಥದ ಆಧಾರವು ಈ ದಂಡನೆಗೆ ಸಲ್ಲದೆಂಬುದು — ಹೀಗೆ ಒಂದೊಂದನ್ನೂ ಎತ್ತಿಕೊಂಡು ಆತನು ಸಾಧಿಸುತ್ತಾನೆ. ೧೮೪೦ರ ಜುಲೈ ೬ರಂದು ಕೂರ್ವಾಸಿಯೇ ಎಂಬವನನ್ನು ಗಲ್ಲಿಗೇರಿಸಿದ್ದನ್ನು ತಾನು ಕಂಡ ಬಗೆಯನ್ನೂ ಹೇಳುತ್ತಾನೆ. ಮರಣದಂಡನೆಗೆ ಗುರಿಯಾದ ೧೬೭ ಮಂದಿಯನ್ನು ಒಬ್ಬ ಪಾದ್ರಿಯು ವಿಚಾರಿಸಿದಾಗ, ಹಿಂದೆ ಗಲ್ಲಿನ ದೃಶ್ಯವನ್ನು ನೋಡಿರದವರು ಮೂವರು ಮಾತ್ರವೆಂದು ತಿಳಿದುಬಂದ ಲೆಕ್ಕವನ್ನು ಮುಂದಿಡುತ್ತಾನೆ. ನೋಡಿದವರು ಹೆದರಿ ಸನ್ಮಾರ್ಗ ಹಿಡಿಯುತ್ತಾರೆಂಬ ವಾದವನ್ನು ಮುರಿಯಲು ಇದಕ್ಕಿಂತ ಬಲವಾದ ಸಂಖ್ಯೆ ಬೇಕಿಲ್ಲ.

ಹೀಗಿದ್ದರೂ ಈ ಕಾಗದಗಳು ಕಾಗದಗಳಾಗಿ ಪೂರ್ಣವಾಗಿ ಗೆಲ್ಲುವುದಿಲ್ಲ. ಅವು ಸಂಪಾದಕರ ಹೆಸರನ್ನು ಹೊತ್ತ ಪ್ರಬಂಧಗಳು. ಒಂದು ಆಕ್ಷೇಪಕ್ಕೆ ಉತ್ತರ ಹೇಳಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವಾಚಕನ ಕೋಪವು ಆರಿ ವಿಚಾರವಾಗುತ್ತದೆ. ವಿಚಾರವು ಒಳ್ಳೆಯದೇ, ಆದರೆ ಅದನ್ನು ಓದಿ ಮುಗಿಸಿದ ಮಂತ್ರಿಯು ‘ಯೋಚಿಸತಕ್ಕ ವಿಷಯ’ ಎಂದು ಹೇಳಿ ಹಾಳೆಯನ್ನು ಮಡಿಸಿಡಬಹುದು. ಆತನನ್ನು ನಿಲ್ಲಿಸಿ ಕೇಳುವ ಒಂದು ಪ್ರಶ್ನೆ ಅಲ್ಲಿಲ್ಲ.

೪

೧೮೪೯ರ ನವೆಂಬರ್ ೧೩ನೆಯ ಮಂಗಳವಾರ ಬೆಳಿಗ್ಗೆ ಲಂಡನ್ನಿನ ಹಾರ್ಸ್‌ಮಂಗರ್ ಲೇನ್ ಸೆರೆಮನೆಯ ಮೇಲ್ಗಡೆ ಮ್ಯಾನಿಂಗ್ ದಂಪತಿಗಳನ್ನು ಕೊಲೆಯ ಅಪರಾಧಕ್ಕಾಗಿ ಗಲ್ಲಿಗೇರಿಸಿದರು. ಗಂಡಹೆಂಡಿರನ್ನು ಒಟ್ಟಿಗೆ ನೇಣುಹಾಕುವುದನ್ನು ನೋಡಲು ನೆರೆದವರು ೩೦ ಸಾವಿರಕ್ಕೂ ಹೆಚ್ಚು ಜನವೆಂದು ಅಂದಾಜು. ಡಿಕನ್ಸನು ರಾತ್ರಿಯೇ ಅಲ್ಲಿಗೆ ಹೋಗಿದ್ದನು. ಅದೇ ದಿನ ಆತನು ಬರೆದ ಕಾಗದವು ಮರುದಿನದ ‘ಟೈಮ್ಸ್’ ಪತ್ರಿಕೆಯಲ್ಲಿ ಬಂದಿತು. ಆಗ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯು ತಿಂಗಳುತಿಂಗಳಿಗೂ ಭಾಗಭಾಗವಾಗಿ ಹೊರಬರುತ್ತಿದ್ದಿತು. ಬರೆದವನ ಹೆಸರನ್ನು ಅರಿಯದ ವಾಚಕರು ಇರಲಿಲ್ಲ. ಆದರೆ ಕಾಗದದ ಬಲಕ್ಕೆ ಹೆಸರೊಂದೇ ಕಾರಣವಾಗಿದ್ದ ಪಕ್ಷದಲ್ಲಿ, ಅದೇ ಹೆಸರಿನ ೧೮೪೬ರ ಕಾಗದಗಳಿಗೂ ಅಷ್ಟೇ ಬಲವಿರಬೇಕಾಗಿತ್ತು. ಹಾಗಿಲ್ಲದಿರುವುದರಿಂದ ಕಾರಣವನ್ನು ರಚನೆಯಲ್ಲಿಯೇ ಹುಡುಕಬೇಕು.

ರಚನೆಯ ಕ್ರಮ ಹೀಗಿದೆ. ಮೊದಲ ಮಾತಿನಲ್ಲಿಯೇ ಲೇಖಕನು ತಾನು ಸಾಕ್ಷಿಯೆಂದು ಹೇಳುತ್ತಾನೆ: ಸಾಯುವವರನ್ನು ನೋಡಲು ಬಂದವನಲ್ಲ, ನೋಡಲು ಬಂದ ಜನವನ್ನು ನೋಡಲು ಬಂದವನು, ರಾತ್ರಿಯೆಲ್ಲ ಆಗಾಗ್ಗೆ, ಬೆಳಗಿನಿಂದ ಕೊನೆಯವರೆಗೆ ಎಡೆಬಿಡದೆ ನೋಡಿದವನು. ಎರಡನೆಯದಾಗಿ, ಮರಣದಂಡನೆಯು ಸರಿಯೇ ತಪ್ಪೇ ಎಂಬ ತತ್ತ್ವಚರ್ಚೆಗೆ ತಾನು ಕೈಹಾಕುವುದಿಲ್ಲವೆಂದು ಬಾಯಿಬಿಟ್ಟು ಹೇಳುತ್ತಾನೆ. ಮೂರನೆಯದು ಅತ್ಯಂತ ಕುಶಲವಾದ ಹೆಜ್ಜೆ. ದಂಡನೆಯನ್ನು ಸೆರೆಮನೆಯ ಗೋಡೆಗಳ ಒಳಗೆ ನಡೆಸುವ ಶಾಸನಕ್ಕೆ ಸರ್ಕಾರವು ಬೆಂಬಲ ಕೊಡಬಹುದೆಂದು ಗೃಹಮಂತ್ರಿ ಸರ್ ಜಾರ್ಜ್ ಗ್ರೇಯು ಹಿಂದಿನ ಪಾರ್ಲಿಮೆಂಟ್ ಅಧಿವೇಶನದಲ್ಲಿ ಸೂಚಿಸಿದ್ದನು. ಡಿಕನ್ಸನು ಆ ಸೂಚನೆಯನ್ನು ಹಿಡಿದುಕೊಂಡು, ಅದನ್ನು ಆತನೇ ಮುಂದೆ ನಿಂತು ನಡೆಸಬೇಕೆಂದು ಬೇಡುತ್ತಾನೆ. ಎಂದರೆ, ಹೊಸ ಮತವೊಂದನ್ನು ಒಪ್ಪೆಂದು ಮಂತ್ರಿಯನ್ನು ಬಲಾತ್ಕರಿಸುವುದಿಲ್ಲ. ಆಡಿದ ಮಾತಿಗೆ ಕಟ್ಟುಬೀಳೆಂದು ಕೇಳುತ್ತಾನೆ. ಮಾಡತಕ್ಕವನು ಯಾರು, ಮಾಡತಕ್ಕದ್ದು ಯಾವುದು ಎಂಬೆರಡೂ ಕಾಗದದ ಆರಂಭದಲ್ಲಿಯೇ ಸ್ಥಿರವಾದುವು.

ಇಷ್ಟು ಕಟ್ಟು ಹಾಕಿಕೊಂಡ ಮೇಲೆಯೇ ವರ್ಣನೆ. ರಾತ್ರಿಯಲ್ಲಿ ಹುಡುಗಹುಡುಗಿಯರ ಕೂಗು. ಆಗ ಪ್ರಚಾರದಲ್ಲಿದ್ದ ಹಾಡೊಂದಕ್ಕೆ ಸಾಯಲಿರುವ ಹೆಂಗಸಿನ ಹೆಸರನ್ನು ಸೇರಿಸಿ ಮಾಡಿದ ಅಣಕ. ಬೆಳಗಾದಮೇಲೆ ಕಳ್ಳರು, ಪುಂಡರು, ಪೋಕರಿಗಳ ನೂಕುನುಗ್ಗಲು. ಮೂರ್ಛೆಬಿದ್ದ ಹೆಂಗಸರನ್ನು ಪೋಲೀಸಿನವರು ಎಳೆದು ಹೊರತರುವಾಗ ಎದ್ದ ನಗೆ. ಎಲ್ಲಕ್ಕೂ ಮೇಲೆ, ಎತ್ತಿದ ಆ ಮುಖಗಳನ್ನೆಲ್ಲ ಹೊಂಬಣ್ಣದಿಂದ ತೋಯಿಸಿದ ಸೂರ್ಯೋದಯ. ಸೂರ್ಯನನ್ನು ಕುರಿತ ಈ ಒಂದು ಚಿತ್ರವು ಕಾದಂಬರಿಕಾರನ ಕೈಯನ್ನು ತೋರಿಸುತ್ತದೆ. ಬೆಳಕು ಚೆಲುವಾಗಿದ್ದಷ್ಟೂ ಮುಖಗಳು ವಿಕಾರವಾಗಿ ಕಾಣುತ್ತವೆ. ಆದರೆ ಇಲ್ಲಿ ವರ್ಣನೆಯು ಅಲಂಕಾರವಲ್ಲ, ಅದು ಪ್ರಮಾಣ. ನೋಡಿದವರು ಭಯಪಟ್ಟು ತಿದ್ದಿಕೊಳ್ಳುತ್ತಾರೆಂಬುದೇ ಬಹಿರಂಗದಂಡನೆಯ ಸಮರ್ಥನೆಯಷ್ಟೆ; ಅಂಥ ಭಯದ ನೆರಳೂ ಅಲ್ಲಿರಲಿಲ್ಲವೆಂದು ವರ್ಣನೆಯ ಒಂದೊಂದು ವಿವರವೂ ಸಾಕ್ಷಿ ಹೇಳುತ್ತದೆ. ೧೮೪೬ರಲ್ಲಿ ೧೬೭ ಮಂದಿಯ ಲೆಕ್ಕದಿಂದ ಆಗದ ಕೆಲಸವನ್ನು ಇಲ್ಲಿ ಒಂದು ಬೆಳಗಿನ ಚಿತ್ರವು ಮಾಡುತ್ತದೆ. ಕ್ಷೇಮೇಂದ್ರನು ಹೇಳುವ ಔಚಿತ್ಯಕ್ಕೆ ಇದು ಸಲ್ಲುವ ಉದಾಹರಣೆ: ಉದ್ದೇಶಕ್ಕೆ ಒದಗದ ಚೆಲುವು ಇಲ್ಲಿ ಒಂದೂ ಇಲ್ಲ.

ಎರಡನೆಯ ಕಾಗದವು ನವೆಂಬರ್ ೧೯ರಂದು ಪ್ರಕಟವಾಯಿತು. ಒಳಗೆ ನಡೆಸಿದರೆ ಜನರು ನಂಬುವರೆ, ಉಳ್ಳವರನ್ನು ಗುಟ್ಟಾಗಿ ಬಿಟ್ಟುಬಿಟ್ಟರೆಂಬ ಸಂಶಯ ಹುಟ್ಟದೆ ಎಂಬ ಆಕ್ಷೇಪಕ್ಕೆ ಅಲ್ಲಿ ಉತ್ತರವಿದೆ. ಸಮಾಜದ ಮೂರು ಅಂತಸ್ತುಗಳಿಂದ ಎಂಟೆಂಟು ಮಂದಿಯಂತೆ ೨೪ ಮಂದಿಯ ಸಾಕ್ಷಿಮಂಡಲಿಯೊಂದನ್ನು ಕರೆಯಬೇಕೆಂದೂ, ಆ ಹೊತ್ತಿನಲ್ಲಿ ಊರಿನ ಚರ್ಚುಗಳಲ್ಲಿ ಗಂಟೆ ಬಾರಿಸಬೇಕೆಂದೂ, ಅಂಗಡಿಗಳನ್ನು ಮುಚ್ಚಬೇಕೆಂದೂ ಆತನು ಸೂಚಿಸುತ್ತಾನೆ. ಒಂದು ಶತಮಾನದ ಹಿಂದೆಯೇ ಹೆನ್ರಿ ಫೀಲ್ಡಿಂಗನು ಇದೇ ಸುಧಾರಣೆಯನ್ನು ಹೇಳಿದ್ದನೆಂದು ನೆನಪುಮಾಡಿಕೊಡುತ್ತಾನೆ. ಮೊದಲನೆಯ ಕಾಗದವು ಏಕೆಂಬುದಕ್ಕೆ, ಎರಡನೆಯದು ಹೇಗೆಂಬುದಕ್ಕೆ. ಈ ವಿಭಾಗವೂ ಗಮನಿಸತಕ್ಕದ್ದು. ಎರಡನ್ನೂ ಒಂದರಲ್ಲಿಯೇ ತುರುಕಿದ್ದರೆ ಸೂರ್ಯೋದಯದ ಚಿತ್ರವು ಗಂಟೆ ಅಂಗಡಿಗಳ ಏರ್ಪಾಟಿನಲ್ಲಿ ಮುಳುಗಿಹೋಗುತ್ತಿತ್ತು.

ದೋಷವಿಲ್ಲವೆ? ಉಂಟು. ಡಿಕನ್ಸನೂ ಆತನ ಗೆಳೆಯರೂ ಹತ್ತು ಗಿನಿಗಳನ್ನು ತೆತ್ತು ಎದುರುಮನೆಯ ಮಾಳಿಗೆಯನ್ನು ಹಿಡಿದಿದ್ದರು. ಆ ಬೀದಿಯಲ್ಲಿ ಕಿಟಕಿ ಮಾಳಿಗೆಗಳನ್ನು ಬಾಡಿಗೆಗೆ ಹಿಡಿದು ನೋಡಿದ ಸಭ್ಯಗೃಹಸ್ಥರು ಇನ್ನೂ ಅನೇಕರು. ಕಾಗದದ ದೃಷ್ಟಿಯಾದರೋ ಮಾಳಿಗೆಯಿಂದ ಕೆಳಗಣ ಬೀದಿಯ ಕಡೆಗೇ ತಿರುಗಿದೆ. ಮೇಲಿನವರ ಕುತೂಹಲವು ಕೆಳಗಿನವರ ಕುತೂಹಲಕ್ಕಿಂತ ಶುದ್ಧವಾಗಿತ್ತೆಂದು ನಂಬಲು ಕಾರಣವಿಲ್ಲ. ‘ಟೈಮ್ಸ್’ ಪತ್ರಿಕೆಯ ವಾಚಕರು ಮಾಳಿಗೆಯ ಜನವೇ ಆದ್ದರಿಂದ ಬೀದಿಯ ಜನರ ಮೇಲೆ ಹೇಸಿಗೆ ಹುಟ್ಟಿಸುವುದು ಸುಲಭವಾಗಿತ್ತು. ಕಾಗದವು ಆ ಸುಲಭವನ್ನು ಬಳಸಿಕೊಂಡಿತು. ಅಷ್ಟರ ಮಟ್ಟಿಗೆ ಅದರ ಸಾಕ್ಷ್ಯವು ಏಕಪಕ್ಷದ್ದಾಯಿತು.

೫

ಇದಕ್ಕಿಂತ ಗುರುತರವಾದ ಆಕ್ಷೇಪವು ಡಿಕನ್ಸನ ಜತೆಗಾರರಿಂದಲೇ ಬಂದಿತು. ಮರಣದಂಡನೆಯ ಸಂಪೂರ್ಣ ನಿವಾರಣೆಗಾಗಿ ಹೋರಾಡುತ್ತಿದ್ದವರಿಗೆ, ತಮ್ಮ ಪಕ್ಷದಲ್ಲಿದ್ದ ಪ್ರಸಿದ್ಧ ಲೇಖಕನು ಅರ್ಧಹಾದಿಯಲ್ಲಿ ನಿಂತದ್ದು ದ್ರೋಹವಾಗಿ ತೋರಿತು. ಆತನ ಗೆಳೆಯನಾದ ಡಗ್ಲಸ್ ಜೆರಲ್ಡನು ಪ್ರತಿಭಟಿಸಿದನು. ಕೆಲವುಕಾಲ ಇಬ್ಬರಿಗೂ ಮನಸ್ತಾಪವಾಯಿತು. ಅವರ ವಾದದ ಸಾರವಿಷ್ಟು: ಗಲ್ಲು ಬೀದಿಯಲ್ಲಿರುವವರೆಗೆ ಅದರ ಅಸಹ್ಯವು ಜನರ ಕಣ್ಣಿಗೆ ಬೀಳುತ್ತದೆ, ಆ ಅಸಹ್ಯವೇ ಅದನ್ನು ಒಂದು ದಿನ ಕೀಳಿಸುತ್ತದೆ, ಗೋಡೆಯ ಹಿಂದಕ್ಕೆ ಸರಿಸಿದರೆ ಕೆಡುಕು ಉಳಿದು ನಾಚಿಕೆ ಮಾತ್ರ ಹೋಗುತ್ತದೆ.

ಚರಿತ್ರೆಯು ಕೊಟ್ಟ ತೀರ್ಪು ಎರಡು ಬಗೆಯಾಗಿದೆ. ಸರ್ ಜಾರ್ಜ್ ಗ್ರೇಯು ಆಗ ಏನೂ ಮಾಡಲಿಲ್ಲ. ೧೮೬೪ರಲ್ಲಿ ನೇಮಕವಾದ ರಾಜಕೀಯ ಆಯೋಗವು ೧೮೬೬ರಲ್ಲಿ ಬಹಿರಂಗದಂಡನೆಯನ್ನು ನಿಲ್ಲಿಸಬೇಕೆಂದು ಹೇಳಿತು. ೧೮೬೮ರ ಮೇ ೨೬ರಂದು ನ್ಯೂಗೇಟಿನ ಮುಂದೆ ಕೊನೆಯ ಬಹಿರಂಗ ಗಲ್ಲು ನಡೆದು, ಮೂರೇ ದಿನಗಳಲ್ಲಿ ಅದನ್ನು ನಿಷೇಧಿಸುವ ಶಾಸನವು ಜಾರಿಗೆ ಬಂದಿತು. ಡಿಕನ್ಸನ ಬೇಡಿಕೆ ಹೆಚ್ಚುಕಡಿಮೆ ಆತನು ಕೇಳಿದಂತೆಯೇ ಈಡೇರಿತು. ಹತ್ತೊಂಬತ್ತು ವರ್ಷಗಳ ಮೇಲೆ ಬಂದ ಶಾಸನಕ್ಕೆ ಎರಡು ಕಾಗದಗಳೇ ಕಾರಣವೆಂದು ಹೇಳುವುದು ಅತಿಶಯೋಕ್ತಿ; ಆದರೆ ಆ ನಡುವಣ ಚರ್ಚೆಯಲ್ಲಿ ಅವು ಮರೆಯಾಗಲಿಲ್ಲ. ಇತ್ತ ಜೆರಲ್ಡನ ಭಯವೂ ಸುಳ್ಳಾಗಲಿಲ್ಲ. ಗೋಡೆಯ ಹಿಂದೆ ಗಲ್ಲು ಸುಮಾರು ನೂರು ವರ್ಷ ಉಳಿಯಿತು. ಬ್ರಿಟನ್ನಿನಲ್ಲಿ ಕೊಲೆಗೆ ಮರಣದಂಡನೆಯನ್ನು ತಡೆಹಿಡಿದದ್ದು ೧೯೬೫ರಲ್ಲಿ; ಅದು ಕಾಯಮ್ಮಾದದ್ದು ೧೯೬೯ರಲ್ಲಿ. ಡಿಕನ್ಸನು ತಾನೇ ಮುಂದೆ ಸಂಪೂರ್ಣ ನಿವಾರಣೆಯ ಪಕ್ಷವನ್ನು ಬಿಟ್ಟನು. ಉಪಾಯಕ್ಕಾಗಿ ಪಕ್ಕಕ್ಕಿಟ್ಟ ತತ್ತ್ವವು ಕೊನೆಗೆ ಕೈತಪ್ಪಿಯೇ ಹೋಯಿತು.

ಇಲ್ಲಿ ಏಳುವ ಪ್ರಶ್ನೆ ಈ ಪ್ರಕಾರಕ್ಕೇ ಮೂಲವಾದದ್ದು. ಬೇಡಿಕೆಯನ್ನು ಕಿರಿದುಮಾಡದೆ ಕಾಗದಕ್ಕೆ ಬಲ ಬಾರದು. ಕಿರಿದುಮಾಡಿದರೆ ಉದ್ದೇಶವೇ ಕುಗ್ಗಬಹುದು. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯಿಲ್ಲವೆ? ಉತ್ತರವು ಲಂಡನ್ನಿನ ಪ್ರಸಿದ್ಧನಲ್ಲಿ ದೊರೆಯುವುದಿಲ್ಲ. ಮೂವತ್ತಾರು ವರ್ಷಗಳ ಮೇಲೆ ಮುಂಬಯಿಯಲ್ಲಿ ಹೆಸರು ಮರೆಸಿಕೊಂಡು ಬರೆದ ಒಬ್ಬ ಯುವತಿಯಲ್ಲಿ ದೊರೆಯುತ್ತದೆ.

೬

ರುಖಮಾಬಾಯಿಯವರು ಹುಟ್ಟಿದ್ದು ೧೮೬೪ರಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬವರೊಡನೆ ಮದುವೆಯಾಯಿತು. ಅವರು ತಾಯಿಯ ಮನೆಯಲ್ಲಿಯೇ ಉಳಿದು, ಶಾಲೆ ತಪ್ಪಿದರೂ ಮನೆಯಲ್ಲಿ ಓದು ಮುಂದುವರಿಸಿದರು. ದೊಡ್ಡವರಾದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪದಿದ್ದಾಗ ದಾದಾಜಿಯು ಮುಂಬಯಿಯ ಹೈಕೋರ್ಟಿನಲ್ಲಿ ದಾವೆ ಹೂಡಿದನು. ಬೆಹರಾಮ್‌ಜಿ ಮಲಬಾರಿಯವರು ೧೮೮೪ರಲ್ಲಿ ಹೊರಡಿಸಿದ ಟಿಪ್ಪಣಿಗಳಿಂದ ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯಗಳ ಚರ್ಚೆಯು ಆಗ ದೇಶದಲ್ಲೆಲ್ಲ ಎದ್ದಿತ್ತು. ೧೮೮೫ರ ಜೂನ್ ೨೬ ಮತ್ತು ಸೆಪ್ಟೆಂಬರ್ ೧೯ರ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ‘ಒಬ್ಬ ಹಿಂದೂ ಸ್ತ್ರೀ’ ಎಂಬ ಅಂಕಿತದಿಂದ ಎರಡು ಕಾಗದಗಳು ಬಂದುವು: ಮೊದಲನೆಯದು ಬಾಲ್ಯವಿವಾಹವನ್ನು, ಎರಡನೆಯದು ವೈಧವ್ಯವನ್ನು ಕುರಿತದ್ದು. ಬರೆದವರು ರುಖಮಾಬಾಯಿಯವರೆಂದು ಅನಂತರ ತಿಳಿಯಿತು.

ಗುಪ್ತನಾಮವೆಂದೊಡನೆ ಜೂನಿಯಸನು ನೆನಪಿಗೆ ಬರುತ್ತಾನೆ, ಭೇದವನ್ನು ನೋಡಬೇಕು. ಜೂನಿಯಸನು ಮರೆಯಲ್ಲಿ ನಿಂತು ಹೊಡೆಯುವುದಕ್ಕಾಗಿ ಹೆಸರನ್ನು ಬಿಟ್ಟನು. ಆ ಹೆಸರಿನಿಂದ ಬರೆದವನು ಯಾರೆಂಬ ಯಾವ ಅರಿವೂ ವಾಚಕನಿಗೆ ಆಗದು. ರುಖಮಾಬಾಯಿಯವರ ಅಂಕಿತವಾದರೋ ವ್ಯಕ್ತಿಯನ್ನು ಮರೆಸಿ ಸ್ಥಾನವನ್ನು ತೋರಿಸುತ್ತದೆ. ಆ ಚರ್ಚೆಯಲ್ಲಿ ಪಂಡಿತರು, ವಕೀಲರು, ಅಧಿಕಾರಿಗಳು ಎಲ್ಲರೂ ಮಾತಾಡಿದ್ದರು. ಯಾರ ಬಾಳಿನ ಮಾತೋ ಅವರು ಮಾತ್ರ ಮಾತಾಡಿರಲಿಲ್ಲ. ಅಂಕಿತದ ಎರಡು ಪದಗಳೇ ಆ ಕೊರತೆಯನ್ನು ತುಂಬಿದುವು. ಡಿಕನ್ಸನು ಸಾಕ್ಷಿಯಾಗಲು ರಾತ್ರಿಯೆಲ್ಲ ಎಚ್ಚರವಾಗಿರಬೇಕಾಯಿತು. ಇವರಿಗೆ ಆ ಪ್ರಯಾಸವಿಲ್ಲ, ಬದುಕೇ ಸಾಕ್ಷ್ಯ. ಡಿಕನ್ಸನು ಮಾಳಿಗೆಯಿಂದ ಕಂಡದ್ದನ್ನು ಬರೆದನು. ಇವರು ಬೀದಿಯಲ್ಲಿಯೇ ನಿಂತು ಬರೆದರು.

ಕಾಗದದಲ್ಲಿ ಅವರು ಹೇಳುವ ದುಃಖವು ಯಾವುದೆಂಬುದನ್ನು ಗಮನಿಸಬೇಕು. ಹೊಡೆತ ಬೈಗುಳಗಳ ಕಥೆಯನ್ನು ಅವರು ಮುಂದುಮಾಡಲಿಲ್ಲ. ಈ ಪದ್ಧತಿಯು ತನಗೂ, ತನಗೆ ಎಲ್ಲಕ್ಕಿಂತ ಪ್ರಿಯವಾದ ವಿದ್ಯೆಗೂ ನಡುವೆ ಅಡ್ಡವಾಗಿ ನಿಂತಿತೆಂಬುದೇ ಅವರ ಮುಖ್ಯ ದೂರು. ಕರುಣೆ ಹುಟ್ಟಿಸುವ ವರ್ಣನೆಯಿಂದ ವಾಚಕರ ಕಣ್ಣೀರನ್ನು ಪಡೆಯಬಹುದಾಗಿತ್ತು. ಆದರೆ ಕರುಣೆಗೆ ಪಾತ್ರವಾದ ಹೆಣ್ಣು ಕಿರಿಯಳಾಗಿಯೇ ಉಳಿಯುತ್ತಾಳೆ. ಓದಬೇಕೆಂದು ಹಂಬಲಿಸುವ ಹೆಣ್ಣು ವಾಚಕನಿಗೆ ಸಮಾನಳಾಗಿ ನಿಲ್ಲುತ್ತಾಳೆ. ಶಾಸ್ತ್ರಕಾರರು ಗಂಡಸರೇ ಆದ್ದರಿಂದ ಒಳ್ಳೆಯದನ್ನೆಲ್ಲ ತಮ್ಮ ಪಾಲಿಗೂ ಕೆಟ್ಟದ್ದನ್ನೆಲ್ಲ ಹೆಂಗಸರ ಪಾಲಿಗೂ ಬರೆದುಕೊಂಡರೆಂಬ ಮಾತು ಈ ಸಮಾನತೆಯ ನೆಲೆಯಿಂದ ಬರುವುದರಿಂದಲೇ ಗೊಣಗಾಟವಾಗದೆ ವಿಮರ್ಶೆಯಾಗುತ್ತದೆ.

ಎರಡನೆಯ ಕಾಗದವು ಅಚ್ಚಾದ ಎರಡು ದಿನಕ್ಕೆ, ೧೮೮೫ರ ಸೆಪ್ಟೆಂಬರ್ ೨೧ರಂದು, ನ್ಯಾಯಮೂರ್ತಿ ಪಿನ್ಹೆಯವರು ದಾವೆಯನ್ನು ವಜಾಮಾಡಿದರು. ಅಪೀಲಿನಲ್ಲಿ ಅದು ನಿಲ್ಲಲಿಲ್ಲ. ೧೮೮೭ರ ಮಾರ್ಚ್ ೪ರಂದು ನ್ಯಾಯಮೂರ್ತಿ ಫ್ಯಾರನ್ನರು, ಗಂಡನ ಮನೆಗೆ ಹೋಗತಕ್ಕದ್ದು, ಇಲ್ಲವಾದರೆ ಆರು ತಿಂಗಳ ಸೆರೆವಾಸವೆಂದು ತೀರ್ಮಾನ ಕೊಟ್ಟರು. ಸೆರೆವಾಸವೇ ಲೇಸೆಂದು ರುಖಮಾಬಾಯಿಯವರು ಹೇಳಿದರು.

ಆ ವರ್ಷ ವಿಕ್ಟೋರಿಯಾ ಮಹಾರಾಣಿಯ ಆಳ್ವಿಕೆಗೆ ಐವತ್ತು ತುಂಬಿತ್ತು. ಆ ಸಂದರ್ಭದಲ್ಲಿ ಇಂಗ್ಲೆಂಡಿನ ಪತ್ರಿಕೆಯ ಮೂಲಕ ಅವರು ಮಾಡಿದ ಬಿನ್ನಹದಲ್ಲಿ ಬೇಡಿಕೆಯು ಒಂದೇ ವಾಕ್ಯಕ್ಕೆ ಇಳಿದಿದೆ. ಹುಡುಗನಿಗೆ ೨೦, ಹುಡುಗಿಗೆ ೧೫ ವರ್ಷ ತುಂಬುವ ಮೊದಲು ಆದ ಮದುವೆಯು ನ್ಯಾಯಸ್ಥಾನದ ಮುಂದೆ ಬಂದರೆ ಶಾಸನದ ದೃಷ್ಟಿಯಲ್ಲಿ ಅದು ಸಿಂಧುವಾಗಕೂಡದು: ಇಷ್ಟನ್ನು ಹಿಂದೂ ಕಾನೂನಿನಲ್ಲಿ ಸೇರಿಸಿದರೆ ಸಾಕೆಂಬುದು ಅದರ ತಾತ್ಪರ್ಯ. ಯಾರ ಮನೆಗೂ ಪೋಲೀಸಿನವರು ನುಗ್ಗಬೇಕಾಗಿಲ್ಲ, ಯಾರನ್ನೂ ದಂಡಿಸಬೇಕಾಗಿಲ್ಲ, ಸಾಮಾನ್ಯ ಜನರನ್ನು ಕೆರಳಿಸಬೇಕಾಗಿಯೂ ಇಲ್ಲ. ಒಪ್ಪದ ಹೆಣ್ಣನ್ನು ಒಪ್ಪಿಸಲು ಸರ್ಕಾರವು ತನ್ನ ನ್ಯಾಯಸ್ಥಾನವನ್ನು ಎರವು ಕೊಡದಿದ್ದರಾಯಿತು.

ಡಿಕನ್ಸನ ಮಿತಿಗೂ ಈ ಮಿತಿಗೂ ಇರುವ ಅಂತರವು ಇಲ್ಲಿದೆ. ಡಿಕನ್ಸನು ತತ್ತ್ವವನ್ನು ಹೊರಗೆ ನಿಲ್ಲಿಸಿ ಬೇಡಿಕೆಯನ್ನು ಕಿರಿದುಮಾಡಿದನು. ರುಖಮಾಬಾಯಿಯವರು ತತ್ತ್ವವನ್ನೇ ಸಣ್ಣ ವಾಕ್ಯದೊಳಗೆ ಇಟ್ಟರು. ಗಲ್ಲು ಒಳಗೆ ಹೋದರೂ ಗಲ್ಲು ಗಲ್ಲೇ. ಆದರೆ ಬಾಲ್ಯವಿವಾಹವು ಸಿಂಧುವಲ್ಲವೆಂದು ಒಮ್ಮೆ ಶಾಸನವು ಹೇಳಿದರೆ ಒಪ್ಪಿಗೆಯಿಲ್ಲದ ಮದುವೆ ಮದುವೆಯೇ ಅಲ್ಲವೆಂಬ ದೊಡ್ಡ ಮಾತು ಅದರ ಹಿಂದೆಯೇ ಬರುತ್ತದೆ. ಮಾತಿನ ಮಿತಿ ಬೇರೆ, ತತ್ತ್ವದ ಮಿತಿ ಬೇರೆ. ಮೊದಲನೆಯದು ಈ ಪ್ರಕಾರಕ್ಕೆ ಅವಶ್ಯವಾದ ಗುಣ. ಎರಡನೆಯದು ಕೆಲವು ವೇಳೆ ಅನಿವಾರ್ಯವಾಗಬಹುದಾದರೂ ಬೆಲೆ ತೆತ್ತು ಕೊಳ್ಳತಕ್ಕದ್ದು.

೭

ಫಲವನ್ನು ನೋಡುವವರು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು: ಡಿಕನ್ಸನು ಕೇಳಿದ್ದು ಹತ್ತೊಂಬತ್ತು ವರ್ಷಗಳಲ್ಲಿ ಸಿಕ್ಕಿತು, ರುಖಮಾಬಾಯಿಯವರಿಗೆ ಸಿಕ್ಕಿದ್ದೇನು? ೧೮೮೮ರಲ್ಲಿ ಎರಡು ಸಾವಿರ ರೂಪಾಯಿಗಳನ್ನು ಕೊಟ್ಟು ದಾವೆಯು ರಾ಼ಜಿಯಾಯಿತು. ಅವರು ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರವನ್ನು ಕಲಿತು ಬಂದು, ಸೂರತ್ ಮತ್ತು ರಾಜಕೋಟೆಗಳಲ್ಲಿ ಬಹುಕಾಲ ವೈದ್ಯೆಯಾಗಿ ಸೇವೆಮಾಡಿ ೧೯೫೫ರಲ್ಲಿ ತೀರಿಕೊಂಡರು. ೧೮೯೧ರ ಶಾಸನವು ಸಮ್ಮತಿಯ ವಯಸ್ಸನ್ನು ೧೦ರಿಂದ ೧೨ಕ್ಕೆ ಏರಿಸಿತೇ ಹೊರತು ಮದುವೆಯ ಸಿಂಧುತ್ವವನ್ನು ಮುಟ್ಟಲಿಲ್ಲ. ಅಷ್ಟನ್ನೂ ಬಾಲಗಂಗಾಧರ ತಿಲಕರು ತೀವ್ರವಾಗಿ ವಿರೋಧಿಸಿದರು. ಆ ಶಾಸನಕ್ಕೂ ಮಲಬಾರಿಯವರ ಲೇಖನಿ, ೧೮೯೦ರಲ್ಲಿ ಕಲ್ಕತ್ತೆಯ ನ್ಯಾಯಸ್ಥಾನದ ಮುಂದೆ ಬಂದ ಬಾಲೆಯೊಬ್ಬಳ ದಾರುಣವಾದ ಸಾವು, ಹೀಗೆ ಕಾರಣಗಳು ಹಲವು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಎಂಟು ವರ್ಷಕ್ಕೆ ಕೆಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕೆ ಕೆಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ೧೯೨೯ರ ಶಾರದಾ ಶಾಸನವು ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ ೧೪, ಹುಡುಗನಿಗೆ ೧೮ ಎಂದು ನಿಯಮಿಸಿತು. ಆದರೆ ಇವೆಲ್ಲವೂ ಮಾಡಿಸಿದವರನ್ನು ದಂಡಿಸುವ ಶಾಸನಗಳು. ದಂಡ ತೆತ್ತ ಮೇಲೆಯೂ ಮದುವೆ ಮದುವೆಯಾಗಿಯೇ ಉಳಿಯುತ್ತಿತ್ತು. ೨೦೦೬ರ ಕೇಂದ್ರ ಶಾಸನದಲ್ಲಿಯೂ ಸಾಮಾನ್ಯವಾಗಿ ಅಂಥ ಮದುವೆಯನ್ನು ಮಗುವಾಗಿದ್ದವರು ಕೇಳಿಕೊಂಡರೆ ಮಾತ್ರ ರದ್ದುಮಾಡುವ ಏರ್ಪಾಟಿದೆ.

ಆ ಕೇಂದ್ರ ಶಾಸನಕ್ಕೆ ಕರ್ನಾಟಕವು ೨೦೧೬ರಲ್ಲಿ ತಂದ ತಿದ್ದುಪಡಿಯು, ಅದು ಜಾರಿಗೆ ಬಂದ ದಿನದಿಂದ ಮುಂದೆ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ವಯಸ್ಸಿನ ಅಂಕಿಗಳು ಬೇರೆಯಾಗಿವೆ. ಹೆಣ್ಣಿಗೆ ೧೮, ಗಂಡಿಗೆ ೨೧. ವಾಕ್ಯದ ಅಸ್ಥಿಪಂಜರ ಮಾತ್ರ ೧೮೮೭ರದೇ. ತಿದ್ದುಪಡಿಯನ್ನು ರಚಿಸಿದವರು ಆ ಬಿನ್ನಹವನ್ನು ಓದಿದ್ದರೆಂದು ಇಲ್ಲಿ ಸಾಧಿಸಬೇಕಾಗಿಲ್ಲ. ಸರಿಯಾದ ಬೇಡಿಕೆಯು ಸರಿಯಾದ ಮಾತುಗಳಲ್ಲಿ ಒಮ್ಮೆ ರೂಪುಗೊಂಡರೆ, ಬೇಡಿದವರು ಹೋದ ಮೇಲೆಯೂ ಅದು ಶಾಸನವಾಗಲು ಸಿದ್ಧವಾಗಿಯೇ ಇರುತ್ತದೆ ಎಂಬಷ್ಟಕ್ಕೆ ಇದು ನಿದರ್ಶನ.

ನಮ್ಮ ಪಾಠಶಾಲೆಗಳಲ್ಲಿ ಸಂಪಾದಕರಿಗೆ ಪತ್ರ ಬರೆಯುವುದನ್ನು ಕಲಿಸುವುದುಂಟು. ವಿಳಾಸವು ಎಲ್ಲಿ, ತಾರೀಖು ಎಲ್ಲಿ, ‘ಮಾನ್ಯರೆ’ ಎಂಬುದು ಎಲ್ಲಿ, ‘ಇತಿ ತಮ್ಮ ವಿಶ್ವಾಸಿ’ ಎಂಬುದು ಎಲ್ಲಿ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಡುವಣ ಭಾಗದಲ್ಲಿ ‘ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು’ ಎಂಬ ಒಂದು ಮಾತು ಎಲ್ಲ ವಿಷಯಕ್ಕೂ ಸಲ್ಲುತ್ತದೆ. ಸಂಬಂಧಪಟ್ಟವರು ಯಾರು, ಅವರು ಹಿಂದೆ ಏನೆಂದಿದ್ದರು, ಈಗ ಏನನ್ನು ಮಾಡಿದರೆ ಆದೀತು, ಬರೆಯುವವರಿಗೆ ಇದನ್ನು ಹೇಳುವ ಅಧಿಕಾರವು ಎಲ್ಲಿಂದ ಬಂದಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಡಿಕನ್ಸನ ನವೆಂಬರ್ ೧೩ರ ಕಾಗದವನ್ನೂ ರುಖಮಾಬಾಯಿಯವರ ಕಾಗದಗಳನ್ನೂ ಕನ್ನಡಕ್ಕೆ ತಂದು ತರಗತಿಯಲ್ಲಿ ಓದಿಸಿದರೆ ಈ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಮೊದಲನೆಯದರಿಂದ ಕಾಗದವನ್ನು ಕಟ್ಟುವ ಬಗೆಯನ್ನು ಕಲಿಯಬಹುದು. ಎರಡನೆಯವರಿಂದ, ಕಟ್ಟುವಾಗ ಯಾವುದನ್ನು ಹೊರಗೆ ಬಿಡಕೂಡದೆಂಬುದನ್ನು ಕಲಿಯಬಹುದು.